ತೂಕದ ಕಾಲಂ, ಬೆಲೆಯ ಕಾಲಂ

ಶಿರಸಿ, ಕುಮಟಾ, ಭಟ್ಕಳದ ಶಾಖೆಗಳಲ್ಲಿ ಬಂಗಾರದ ಸಾಲ ಕೊಡುತ್ತಲೇ ನನ್ನ ಬ್ಯಾಂಕ್ ನೌಕರಿಯ ಬಹುಪಾಲು ಕಳೆಯಿತು. ಅಡವಿನ ಚೀಟಿಯಲ್ಲಿ ಎರಡು ಕಾಲಂ ಇರುತ್ತಿದ್ದವು. ಒಂದು ತೂಕದ್ದು, ಇನ್ನೊಂದು ಆ ದಿನದ ಬೆಲೆಯದ್ದು. ಅಡಿಕೆಯ ಕೊನೆಕೊಯ್ಲಿನ ಖರ್ಚಿಗೆಂದು ವರ್ಷವೂ ಅವಲಕ್ಕಿ ಸರ ತರುತ್ತಿದ್ದ ಶಿರಸಿ ಕಡೆಯ ಅಜ್ಜಿಯೊಬ್ಬರು ಬೆಲೆಯ ಕಡೆ ಕಣ್ಣೂ ಹಾಯಿಸುತ್ತಿರಲಿಲ್ಲ. "ತಮಾ, ಬೆಲೆ ನಾಳಿಗೆ ಬೇರೆ ಆಗ್ತು. ತೂಕ ಸರಿಯಾಗಿ ಬರದ್ಯಾ ನೋಡು" ಎನ್ನುತ್ತಿದ್ದರು.

ದೇಶದ ವಿದೇಶಿ ವಿನಿಮಯ ಮೀಸಲಿನ ಸುದ್ದಿ ಓದುವಾಗಲೆಲ್ಲ ನನಗೆ ಆ ಮಾತು ನೆನಪಾಗುತ್ತದೆ. ರಿಸರ್ವ್ ಬ್ಯಾಂಕ್ ವಾರಕ್ಕೊಮ್ಮೆ, ಶುಕ್ರವಾರ, ಈ ಲೆಕ್ಕ ಹೊರಡಿಸುತ್ತದೆ. ಅದರಲ್ಲಿ ನಾಲ್ಕು ಬಾಬತ್ತು: ವಿದೇಶಿ ಕರೆನ್ಸಿ ಆಸ್ತಿ, ಬಂಗಾರ, ಐಎಂಎಫ್ (ಅಂತರರಾಷ್ಟ್ರೀಯ ಹಣಕಾಸು ನಿಧಿ) ಸದಸ್ಯ ದೇಶಗಳಿಗೆ ಹಂಚುವ ಎಸ್‌ಡಿಆರ್ ಎಂಬ ಮೀಸಲು ಆಸ್ತಿ, ಅದೇ ಐಎಂಎಫ್‌ನಲ್ಲಿ ನಮಗಿರುವ ಮೀಸಲು ಪಾಲು. ನಾಲ್ಕನ್ನೂ ಡಾಲರ್‌ಗೆ ತಿರುಗಿಸಿ ಕೂಡಿಸಿದ ಒಂದೇ ಮೊತ್ತ ಪತ್ರಿಕೆಯ ತಲೆಬರಹವಾಗುತ್ತದೆ. ಆ ಮೊತ್ತ ಪೂರ್ತಿ ಬೆಲೆಯ ಕಾಲಂ. ತೂಕವನ್ನು ಬೇರೆಯಾಗಿ ಹುಡುಕಿಕೊಳ್ಳಬೇಕು.

ಹುಡುಕಿದರೆ ಸಿಗುವುದು ಹೀಗೆ. 2024ರ ಮಾರ್ಚ್ ಕೊನೆಗೆ ನಮ್ಮಲ್ಲಿದ್ದ ಬಂಗಾರ ಸುಮಾರು 822 ಟನ್. ಒಂದು ವರ್ಷದ ಬಳಿಕ ಸುಮಾರು 880 ಟನ್. ತೂಕ ಏರಿದ್ದು ನೂರಕ್ಕೆ ಏಳರಷ್ಟು. ಅದೇ ಅವಧಿಯಲ್ಲಿ ಒಟ್ಟು ಮೀಸಲಿನಲ್ಲಿ ಬಂಗಾರದ ಪಾಲು ಶೇ 8.15ರಿಂದ ಶೇ 11.70ಕ್ಕೆ ಹೋಯಿತು, ಅದರ ಡಾಲರ್ ಬೆಲೆ ಹೆಚ್ಚುಕಡಿಮೆ ಒಂದೂವರೆ ಪಟ್ಟಾಯಿತು. ಅಂದರೆ ಏರಿಕೆಯ ದೊಡ್ಡ ಭಾಗ ನಾವು ಕೊಂಡು ತಂದದ್ದಲ್ಲ, ಪೇಟೆ ಕೊಟ್ಟದ್ದು. ಪೇಟೆ ಕೊಟ್ಟದ್ದನ್ನು ಪೇಟೆಯೇ ವಾಪಸ್ ಒಯ್ಯಬಹುದು. ಡಾಲರ್ ಅಲ್ಲದ ಕರೆನ್ಸಿಗಳ ಕತೆಯೂ ಇದೇ. ಯೂರೋ, ಪೌಂಡ್ ಇಳಿದ ವಾರ ರಿಸರ್ವ್ ಬ್ಯಾಂಕ್ ಒಂದು ಡಾಲರ್ ಮಾರದಿದ್ದರೂ ಮೀಸಲು ಕಡಿಮೆಯಾಗಿ ಕಾಣುತ್ತದೆ.

ತೂಕ ನಿಜವಾಗಿ ಕೈಬದಲಾದ ಕಾಲವೆಂದರೆ 1991. ಅದನ್ನು ಸ್ವಲ್ಪ ಬಿಡಿಸಿಯೇ ಹೇಳಬೇಕು. 1990ರ ಆಗಸ್ಟ್‌ನಲ್ಲಿ ಇರಾಕ್ ಕುವೈತ್‌ಗೆ ನುಗ್ಗಿತು. ತೈಲದ ಬೆಲೆ ಏರಿತು, ಕೊಲ್ಲಿಯಲ್ಲಿ ದುಡಿಯುತ್ತಿದ್ದವರು ಬರಿಗೈಯಲ್ಲಿ ಊರಿಗೆ ಬಂದರು, ಅನಿವಾಸಿ ಭಾರತೀಯರು ಠೇವಣಿ ತೆಗೆಯತೊಡಗಿದರು. ಭಟ್ಕಳದಂಥ ಊರಿನಲ್ಲಿ ಕೊಲ್ಲಿಯ ಡ್ರಾಫ್ಟ್ ನಿಂತರೆ ಏನಾಗುತ್ತದೆಂದು ಯಾರಿಗೂ ಬಿಡಿಸಿ ಹೇಳಬೇಕಿಲ್ಲ; ಇಡೀ ದೇಶಕ್ಕೆ ಆಗ ಆದದ್ದು ಅದೇ. ಎರಡು-ಮೂರು ವಾರಗಳ ಆಮದಿಗೆ ಸಾಲುವಷ್ಟು ಡಾಲರ್ ಮಾತ್ರ ಉಳಿಯಿತು. ಮೊದಲು, ಮೇ ತಿಂಗಳಲ್ಲಿ, ಸರಕಾರ ಜಪ್ತಿ ಮಾಡಿಟ್ಟುಕೊಂಡಿದ್ದ 20 ಟನ್ ಬಂಗಾರವನ್ನು ಮರಳಿ ಕೊಳ್ಳುವ ಕರಾರಿನ ಮೇಲೆ ಸ್ಟೇಟ್ ಬ್ಯಾಂಕ್ ಮೂಲಕ ಸ್ವಿಸ್ ಬ್ಯಾಂಕೊಂದಕ್ಕೆ ಮಾರಲಾಯಿತು. ಜುಲೈನಲ್ಲಿ ರಿಸರ್ವ್ ಬ್ಯಾಂಕ್ ತನ್ನದೇ 46.91 ಟನ್ ಬಂಗಾರವನ್ನು ಅಡವಿಟ್ಟು ಬ್ಯಾಂಕ್ ಆಫ್ ಇಂಗ್ಲೆಂಡ್ ಮತ್ತು ಬ್ಯಾಂಕ್ ಆಫ್ ಜಪಾನ್‌ನಿಂದ 40.5 ಕೋಟಿ ಡಾಲರ್ ಸಾಲ ಎತ್ತಿತು. ಬಂಗಾರ ಮುಂಬೈಯಿಂದ ವಿಮಾನದಲ್ಲಿ ಹೋಯಿತು.

ಆಗ ಬಂಗಾರ ಔನ್ಸ್‌ಗೆ 360 ಡಾಲರ್ ಆಸುಪಾಸಿನಲ್ಲಿತ್ತು. 46.91 ಟನ್ ಅಂದರೆ ಸುಮಾರು 15 ಲಕ್ಷ ಔನ್ಸ್, ಅಂದಾಜು 54 ಕೋಟಿ ಡಾಲರ್ ಮಾಲು. ಸಾಲ ಸಿಕ್ಕಿದ್ದು ಅದರ ಮುಕ್ಕಾಲು ಪಾಲು. ಬೆಲೆಯ ಮುಕ್ಕಾಲು ಪಾಲು ಮೀರಬಾರದೆಂಬ ಮಿತಿಯಲ್ಲೇ ವರ್ಷಗಟ್ಟಲೆ ಸಾಲ ಮಂಜೂರು ಮಾಡಿದವನು ನಾನು. ಈ ಲೆಕ್ಕ ಹಾಕಿದ ದಿನ, ಕೌಂಟರ್‌ನ ಆಚೆ ಬದಿಯಲ್ಲಿ ನನ್ನ ದೇಶವೇ ನಿಂತಂತೆ ಕಂಡು ಎದೆ ಭಾರವಾಗಿತ್ತು.

ಅಲ್ಲಿಂದ ಮೀಸಲು ಬೆಳೆದು ಬಂದಿದೆ. 2003ರ ಡಿಸೆಂಬರ್‌ನಲ್ಲಿ 10,000 ಕೋಟಿ ಡಾಲರ್ ದಾಟಿತು. 2009ರಲ್ಲಿ ಅದೇ ರಿಸರ್ವ್ ಬ್ಯಾಂಕ್ ಐಎಂಎಫ್‌ನಿಂದ 200 ಟನ್ ಬಂಗಾರ ಕೊಂಡಿತು. 2024ರ ಸೆಪ್ಟೆಂಬರ್ ಕೊನೆಗೆ ಒಟ್ಟು ಮೀಸಲು 70,000 ಕೋಟಿ ಡಾಲರ್ ಮೀರಿತು. ಮುಂದಿನ ನಾಲ್ಕು ತಿಂಗಳಲ್ಲೇ ಸುಮಾರು 8,000 ಕೋಟಿಯಷ್ಟು ಇಳಿಯಿತು.

ಇಷ್ಟು ದೊಡ್ಡ ಮೊತ್ತ ಕೇಳಿದವರು ನನ್ನನ್ನು ತಪ್ಪದೇ ಕೇಳುವ ಪ್ರಶ್ನೆ: "ಅದರಲ್ಲಿ ಚೂರು ತೆಗೆದು ಅಂಕೋಲಾ-ಹುಬ್ಬಳ್ಳಿ ರೈಲು ಮಾಡಬಹುದಲ್ಲ, ಸರ್?" ಆ ರೈಲು ಬೇಕೆನ್ನುವವರಲ್ಲಿ ನಾನೂ ಒಬ್ಬ. ಆದರೆ ಈ ಹಣ ಸರಕಾರದ ಉಳಿತಾಯ ಖಾತೆಯಲ್ಲ. ದುಬೈಯಿಂದ ಮಗ ಕಳಿಸಿದ ಹಣ ತಾಯಿಗೆ ರೂಪಾಯಿಯಾಗಿ ಸಿಗುತ್ತದೆ, ಡಾಲರ್ ಬ್ಯಾಂಕಿನ ಕೈ ಸೇರುತ್ತದೆ. ಅಂಥ ಡಾಲರನ್ನು ಪೇಟೆಯಲ್ಲಿ ರಿಸರ್ವ್ ಬ್ಯಾಂಕ್ ಕೊಳ್ಳುವುದು ತಾನೇ ಹೊರಡಿಸಿದ ರೂಪಾಯಿ ಕೊಟ್ಟು. ಆ ರೂಪಾಯಿ ಆಗಲೇ ಮೀನುಪೇಟೆಯಲ್ಲಿ, ಶಾಲೆಯ ಫೀಯಲ್ಲಿ ಖರ್ಚಾಗಿದೆ. ಜೊತೆಗೆ ಇದರಲ್ಲಿ ಷೇರುಪೇಟೆಗೆ ಬಂದ ವಿದೇಶಿಯರ ಹಣವೂ ಸೇರಿದೆ. ಅವರು ಯಾವತ್ತು ಬೇಕಾದರೂ ವಾಪಸ್ ಹೊರಡಬಹುದು. ಆ ದಿನಕ್ಕೆ ಡಾಲರ್ ಇರಬೇಕು.

ಈಚೆಗೆ ಬಂಗಾರ ಎಲ್ಲಿದೆ ಎಂಬ ಬಗ್ಗೆಯೂ ಚರ್ಚೆ ಜೋರು. 2025ರ ಮಾರ್ಚ್ ಲೆಕ್ಕದಂತೆ ಸುಮಾರು 512 ಟನ್ ದೇಶದೊಳಗೇ ಇತ್ತು, 348 ಟನ್‌ಗೂ ಹೆಚ್ಚು ಬ್ಯಾಂಕ್ ಆಫ್ ಇಂಗ್ಲೆಂಡ್ ಮತ್ತು ಕೇಂದ್ರೀಯ ಬ್ಯಾಂಕುಗಳ ಅಂತರರಾಷ್ಟ್ರೀಯ ಬ್ಯಾಂಕಾದ ಬಿಐಎಸ್‌ನ ಸುಪರ್ದಿಯಲ್ಲಿತ್ತು. ಎಲ್ಲವನ್ನೂ ಊರಿಗೆ ತನ್ನಿ ಎನ್ನುವವರ ಭಾವನೆ ನನಗೆ ಅರ್ಥವಾಗುತ್ತದೆ. ಆದರೂ ಒಂದಿಷ್ಟು ಅಲ್ಲೇ ಇರಲಿ ಎಂಬುದು ನನ್ನ ಅಭಿಪ್ರಾಯ. ಒಡವೆ ನಮ್ಮ ತಿಜೋರಿಗೆ ಬಂದು ಸೇರದೆ ನಾನೂ ಯಾರಿಗೂ ಸಾಲದ ಹಣ ಕೊಟ್ಟಿಲ್ಲ. 1991ರಲ್ಲಿ ಬಂಗಾರ ವಿಮಾನ ಹತ್ತಬೇಕಾಗಿ ಬಂದದ್ದೂ ಸಾಲ ಕೊಡುವವರ ತಿಜೋರಿಯಲ್ಲಿ ಅದು ಇರಲಿಲ್ಲವೆಂದೇ. ಆ ಸಾಲ ಅದೇ ವರ್ಷದ ನವೆಂಬರ್ ಹೊತ್ತಿಗೆ ತೀರಿತು, ಬಂಗಾರ ಮಾತ್ರ ಲಂಡನ್ನಿನಲ್ಲೇ ಉಳಿಯಿತು.