ಮೈಲುತುತ್ತ, ಚೊಗರು ಮತ್ತು ಒಂದು ಡಾಟ್ಸನ್

ಸ್ಕ್ರೂಡ್ರೈವರಿನ ತುದಿಯನ್ನು ಕಾರಿನ ಬಾಗಿಲ ಕೆಳಗಿನ ಅಂಚಿಗೆ ತಾಗಿಸಿದ್ದಷ್ಟೇ. ಹಪ್ಪಳ ಮುರಿದ ಸದ್ದು ಬಂದು ಅರ್ಧ ಕಬ್ಬಿಣ ಒಳಗೆ ಹೋಯಿತು. ಮೇಲೆ ಕಿತ್ತಳೆ ಬಣ್ಣ ಇನ್ನೂ ಹೊಳೆಯುತ್ತಿತ್ತು. ಬಣ್ಣದ ಕೆಳಗೆ, ತೂತು ತಗ್ಗು ಮುಚ್ಚಲು ಬಳಿಯುವ ಪಟ್ಟಿಯನ್ನು ಬೆರಳು ದಪ್ಪ ಮೆತ್ತಿದ್ದರು. ಪಟ್ಟಿಯ ಕೆಳಗಿರಬೇಕಾದ ತಗಡು ಎಂದೋ ಮಣ್ಣಾಗಿತ್ತು.

‘ಮೇಷ್ಟ್ರೇ, ನೀವು ಕೆಮಿಸ್ಟ್ರಿಯವರಲ್ವಾ? ಇದೊಂದು ತುಕ್ಕು ಬಿಡಿಸಿಕೊಡಿ’ ಎಂದು ಗೆಳೆಯ ಕರೆದಾಗ, ಸಂಜೆಯೊಳಗೆ ಮುಗಿಯುವ ಕೆಲಸ ಅಂದುಕೊಂಡು ಮೂಡಿಗೆರೆ ಕಡೆಯ ಅವನ ತೋಟಕ್ಕೆ ಹೋಗಿದ್ದೆ. ಎರಡು ವರ್ಷ ಹಿಡಿಯಿತು. ಕಾಫಿ ಒಣಗಿಸುವ ಕಣದ ಪಕ್ಕದಲ್ಲಿ ಟಾರ್ಪಾಲು ಹೊದ್ದು ಮಲಗಿದ್ದ ಆ ಕಾರು 1972ರ ಡಾಟ್ಸನ್ 240ಜಡ್. ನೈರೋಬಿಯಲ್ಲಿದ್ದ ಅವನ ದೊಡ್ಡಪ್ಪ ಊರಿಗೆ ಮರಳುವಾಗ ಹಡಗಿನಲ್ಲಿ ತಂದದ್ದು. ಅವರು ತೀರಿಕೊಂಡ ಮೇಲೆ ಇಪ್ಪತ್ತು ಮಳೆಗಾಲ ಅದನ್ನು ಯಾರೂ ಅಲುಗಾಡಿಸಿರಲಿಲ್ಲ.

ಜಪಾನಿನ ನಿಸಾನ್ ಕಂಪನಿ 1969ರ ಕೊನೆಯಲ್ಲಿ ಈ ಕಾರನ್ನು ಬಿಡುಗಡೆ ಮಾಡಿತು. ಅವರ ಊರಲ್ಲಿ ಇದರ ಹೆಸರು ಫೇರ್‌ಲೇಡಿ ಜಡ್, ಹೊರದೇಶಗಳಿಗೆ ಡಾಟ್ಸನ್ 240ಜಡ್. ಹೆಸರಿನಲ್ಲಿರುವ 24 ಎಂದರೆ 2.4 ಲೀಟರ್ ಎಂಜಿನ್ನು: ಸಾಲಾಗಿ ಆರು ಸಿಲಿಂಡರ್, ಎರಡು ಕಾರ್ಬ್ಯುರೇಟರ್ (ಗಾಳಿಗೆ ಪೆಟ್ರೋಲು ಬೆರೆಸುವ ಭಾಗ), ಸುಮಾರು 150 ಅಶ್ವಶಕ್ತಿ. ಯುರೋಪಿನ ಸ್ಪೋರ್ಟ್ಸ್ ಕಾರುಗಳ ಓಟವನ್ನು ಅವುಗಳಿಗಿಂತ ತುಂಬ ಕಡಿಮೆ ಬೆಲೆಗೆ ಕೊಟ್ಟಿತು ಎಂಬುದು ಇದರ ಖ್ಯಾತಿ. ಆಫ್ರಿಕದವರಿಗೆ ಮಾತ್ರ ಇದು ಬೇರೆಯೇ ಕಾರಣಕ್ಕೆ ನೆನಪಿದೆ. ಕೆಸರು, ಕಲ್ಲು, ಧೂಳಿನ ಸಫಾರಿ ರ‍್ಯಾಲಿಯನ್ನು 240ಜಡ್ 1971ರಲ್ಲಿ ಗೆದ್ದಿತು, 1973ರಲ್ಲಿ ಮತ್ತೆ ಗೆದ್ದಿತು. ಎರಡನೆಯ ಸಲ ಓಡಿಸಿದವರು ಉಗಾಂಡದಲ್ಲಿ ಹುಟ್ಟಿದ ಭಾರತೀಯ ಮೂಲದ ಶೇಖರ್ ಮೆಹ್ತಾ. ಮುಂದೆ ಅದೇ ರ‍್ಯಾಲಿಯನ್ನು ಅವರು ಒಟ್ಟು ಐದು ಸಲ ಗೆದ್ದರು. ದೊಡ್ಡಪ್ಪ ಯಾಕೆ ಇದನ್ನೇ ಹಡಗಿಗೆ ಹೇರಿಸಿದರು ಎಂದು ನಾನು ಕೇಳಬೇಕಾಗಿಯೇ ಬರಲಿಲ್ಲ. ಚಿಕ್ಕಮಗಳೂರಿನ ತೋಟದವರಿಗೆ ರ‍್ಯಾಲಿ ಹುಚ್ಚು ಹೊಸದಲ್ಲ.

ಆಫ್ರಿಕದ ಕಲ್ಲುದಾರಿ ಗೆದ್ದ ಕಾರು ಟಾರ್ಪಾಲಿನಡಿ ಸುಮ್ಮನೆ ನಿಂತು ಸತ್ತದ್ದು ಹೇಗೆ?

ತುಕ್ಕು ಎಂದರೆ ಕಬ್ಬಿಣ ಆಮ್ಲಜನಕದ ಜೊತೆ ಸೇರುವುದು ಎಂದು ಶಾಲೆಯಲ್ಲಿ ಹೇಳಿಕೊಡುತ್ತೇವೆ. ನಾನೂ ಮೂವತ್ತು ವರ್ಷ ಹಾಗೇ ಹೇಳಿದೆ. ಸುಳ್ಳಲ್ಲ, ಆದರೆ ಮುಖ್ಯವಾದದ್ದೇ ಅದರಲ್ಲಿ ಬಿಟ್ಟುಹೋಗಿದೆ. ತುಕ್ಕು ಹಿಡಿಯುವುದು ವಿದ್ಯುತ್ತಿನ ವ್ಯವಹಾರ. ಇದನ್ನು ಅರ್ಥಮಾಡಿಸಲು ತೋಟದವರಿಗೆ ಪುಸ್ತಕ ಬೇಕಿಲ್ಲ, ಬೋರ್ಡೋ ಡ್ರಮ್ಮು ಸಾಕು.

ಕಾಫಿಯ ಎಲೆ ತುಕ್ಕು ರೋಗಕ್ಕೆ, ಅಡಿಕೆಯ ಕೊಳೆ ರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ ಗೊತ್ತಲ್ಲ, ಮೈಲುತುತ್ತ (ತಾಮ್ರದ ಸಲ್ಫೇಟ್) ಮತ್ತು ಸುಣ್ಣದ್ದು? ಸುಣ್ಣ ಸಾಕಾಯಿತೋ ಇಲ್ಲವೋ ಎಂದು ನೋಡಲು ಹಳಬರು ಉಜ್ಜಿ ಹೊಳೆಯಿಸಿದ ಚಾಕುವನ್ನು ಅದರೊಳಗೆ ಅದ್ದುತ್ತಾರೆ. ಚಾಕುವಿನ ಮೇಲೆ ಕೆಂಪು ಪೊರೆ ಕೂತರೆ ಇನ್ನಷ್ಟು ಸುಣ್ಣ ಬೇಕು ಎಂದರ್ಥ. ಆ ಕೆಂಪನ್ನು ಕೆಲವರು ತುಕ್ಕು ಎನ್ನುತ್ತಾರೆ, ಅದು ತುಕ್ಕಲ್ಲ, ಅಪ್ಪಟ ತಾಮ್ರ. ದ್ರಾವಣದಲ್ಲಿ ಬಿಡಿಯಾಗಿ ಓಡಾಡುತ್ತಿದ್ದ ತಾಮ್ರದ ಅಯಾನುಗಳು, ಅಂದರೆ ಎಲೆಕ್ಟ್ರಾನು ಕೊರತೆಯ ಕಣಗಳು, ಕಬ್ಬಿಣದಿಂದ ಎಲೆಕ್ಟ್ರಾನುಗಳನ್ನು ಕಿತ್ತುಕೊಂಡು ಲೋಹವಾಗಿ ಕೂತವು, ಎಲೆಕ್ಟ್ರಾನು ಕಳಕೊಂಡ ಕಬ್ಬಿಣ ಕರಗಿ ನೀರಿಗಿಳಿಯಿತು. ಕಬ್ಬಿಣದ ಡ್ರಮ್ಮಿನಲ್ಲಿ ಬೋರ್ಡೋ ಕಲಸಬಾರದು ಎನ್ನುವುದೂ ಇದಕ್ಕೇ.

ಕಾರಿನ ಬಾಗಿಲಲ್ಲಿ ನಡೆದದ್ದೂ ಇದೇ ಲೂಟಿ. ತಾಮ್ರದ ಜಾಗದಲ್ಲಿ ಅಲ್ಲಿ ನೀರಿನೊಳಗೆ ಕರಗಿದ ಆಮ್ಲಜನಕ ಇತ್ತು, ಅಷ್ಟೇ ವ್ಯತ್ಯಾಸ. ತಗಡಿನ ಒಂದು ಕಡೆ ಕಬ್ಬಿಣ ಕರಗುತ್ತದೆ, ಅದು ಬಿಟ್ಟುಕೊಟ್ಟ ಎಲೆಕ್ಟ್ರಾನುಗಳು ತಗಡಿನೊಳಗೇ ಹರಿದು ಇನ್ನೊಂದು ಕಡೆ ಆಮ್ಲಜನಕದ ಕೈ ಸೇರುತ್ತವೆ. ಪುಟ್ಟ ಬ್ಯಾಟರಿ ಎನ್ನಿ.

ಈಗ ಕುತೂಹಲದ ಭಾಗ. ಉಕ್ಕಿನ ತಗಡಿನ ಮೇಲೆ ಒಂದು ಹನಿ ಉಪ್ಪುನೀರು ಬಿಟ್ಟು ಕಾದು ನೋಡಿ. ಹನಿಯ ಅಂಚಿಗೆ ಗಾಳಿ ಚೆನ್ನಾಗಿ ಸಿಗುತ್ತದೆ, ನಡುವಿಗೆ ಸಿಗುವುದಿಲ್ಲ. ಹಾಗಾದರೆ ಹೆಚ್ಚು ಸವೆಯುವುದು ಅಂಚು ಇರಬೇಕಲ್ಲ? ಅಲ್ಲ, ಕುಳಿ ಬೀಳುವುದು ನಡುವಿನಲ್ಲಿ. ಗಾಳಿ ಇರುವ ಅಂಚು ಎಲೆಕ್ಟ್ರಾನು ಕೇಳುತ್ತದೆ, ಗಾಳಿ ಇಲ್ಲದ ನಡುಭಾಗ ತಾನು ಕರಗಿ ಕೊಡುತ್ತದೆ. ಕೇಂಬ್ರಿಜ್‌ನ ಇವಾನ್ಸ್ ಎಂಬ ವಿಜ್ಞಾನಿ ಕಳೆದ ಶತಮಾನದಲ್ಲಿ ತೋರಿಸಿಕೊಟ್ಟ ಈ ಪ್ರಯೋಗಕ್ಕೆ ಅವರ ಹೆಸರೇ ನಿಂತಿದೆ, ಇವಾನ್ಸ್ ಹನಿ ಎನ್ನುತ್ತಾರೆ. ಮಡ್‌ಗಾರ್ಡಿನ ಒಳಗೆ ಮೆತ್ತಿಕೊಂಡ ಕೆಸರಿನ ಕೆಳಗೆ, ಎರಡು ತಗಡು ಕೂಡುವ ಸಂದಿನಲ್ಲಿ, ನೆಲಹಾಸಿನ ಅಡಿಯಲ್ಲಿ, ಎಲ್ಲಿ ಗಾಳಿ ತಲುಪದೆ ತೇವ ಮಾತ್ರ ಉಳಿಯುತ್ತದೋ ಅಲ್ಲೆಲ್ಲ ತೂತು ಬೀಳುವುದು ಇದರಿಂದ. 240ಜಡ್‌ಗೆ ಬೇರೆ ಚಾಸಿಯೇ ಇಲ್ಲ, ಒಂದು ಮಿಲಿಮೀಟರ್‌ಗಿಂತ ತೆಳುವಾದ ತಗಡುಗಳನ್ನು ಮಡಿಸಿ ಬೆಸೆದ ಪೆಟ್ಟಿಗೆಯೇ ಕಾರಿನ ಬೆನ್ನೆಲುಬು. ಸಂದುಗಳಿಗೆ ಲೆಕ್ಕವಿಲ್ಲ. ಜೊತೆಗೆ ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಜಾಗ ಕೇಳುವ ವಸ್ತು. ಅದು ಉಬ್ಬಿ ಬಣ್ಣವನ್ನು ಎಬ್ಬಿಸುತ್ತದೆ, ಎದ್ದ ಬಣ್ಣದ ಕೆಳಗೆ ಮತ್ತೆ ನೀರು.

ಮಳೆ ನೇರವಾಗಿ ಬೀಳಲೇಬೇಕು ಎಂದೇನಿಲ್ಲ. ಗಾಳಿಯ ಸಾಪೇಕ್ಷ ಆರ್ದ್ರತೆ ಸುಮಾರು ಶೇ. 60 ದಾಟಿದರೆ, ಕಣ್ಣಿಗೆ ಕಾಣದಷ್ಟು ತೆಳುವಾದ ನೀರಿನ ಪದರ ಲೋಹದ ಮೇಲೆ ಕೂತು ಈ ಬ್ಯಾಟರಿಯನ್ನು ನಡೆಸಬಲ್ಲದು. ಆರಿದ್ರಾ ಹಿಡಿದು ಪುಷ್ಯ ಮುಗಿಯುವವರೆಗೆ ನಮ್ಮ ಕಡೆ ಚಪ್ಪಲಿಗೂ ಬೂಷ್ಟು ಬರುತ್ತದೆ, ಕಾರಿನ ಪಾಡು ಕೇಳಬೇಕೆ? ಹಾಗಿರುವಾಗ ಟಾರ್ಪಾಲು ಹೊದಿಸಿದ್ದು ಪ್ರೀತಿಯಿಂದ ಮಾಡಿದ ದೊಡ್ಡ ತಪ್ಪು. ನೆಲದಿಂದೆದ್ದ ಆವಿ ಅದರ ಒಳಮೈಗೆ ತಾಗಿ ಬೆಳಗಿನ ಜಾವ ಹನಿಯಾಗಿ ಕಾರಿನ ಮೇಲೇ ಉದುರುತ್ತದೆ. ಒದ್ದೆ ಕಾಫಿಯನ್ನು ಪ್ಲಾಸ್ಟಿಕ್ ಚೀಲಕ್ಕೆ ತುಂಬಿಡುತ್ತೀಯಾ ಎಂದು ಗೆಳೆಯನನ್ನು ಕೇಳಿದೆ. ಉತ್ತರ ಬರಲಿಲ್ಲ, ಮರುದಿನ ಟಾರ್ಪಾಲು ಸೌದೆ ರಾಶಿಯ ಮೇಲಿತ್ತು.

ಮೊದಲ ತಿಂಗಳು ಹೋದದ್ದು ತಗಡು ಎಲ್ಲಿದೆ, ಪಟ್ಟಿ ಎಲ್ಲಿದೆ ಎಂದು ಹುಡುಕುವುದರಲ್ಲಿ. ಹಳೆ ಸ್ಪೀಕರಿನ ಅಯಸ್ಕಾಂತಕ್ಕೆ ಬಟ್ಟೆ ಸುತ್ತಿ ಮೈತುಂಬ ಸವರಿದೆವು, ಅಂಟಿದ ಕಡೆ ಉಕ್ಕು, ಜಾರಿದ ಕಡೆ ಪಟ್ಟಿ. ನೆಲದ ತಗಡು, ಬಾಗಿಲ ಕೆಳಗಿನ ಪೆಟ್ಟಿಗೆ, ಬ್ಯಾಟರಿ ಕೂರುವ ತಟ್ಟೆ ಮೂರೂ ಹೋಗಿದ್ದವು. ಈ ಕಾರುಗಳು ಸಾಮಾನ್ಯವಾಗಿ ಸಾಯುವ ಜಾಗಗಳೇ ಇವು.

ತುಕ್ಕು ಬಿಡಿಸುವ ವಿಷಯದಲ್ಲಿ ನನ್ನ ಮೂರ್ಖತನವನ್ನೂ ಹೇಳಿಬಿಡುತ್ತೇನೆ. ಸಣ್ಣ ಬೋಲ್ಟುಗಳಿಗೆ ಹುಣಸೆಹಣ್ಣಿನ ಹುಳಿ ಸಾಕಿತ್ತು. ನನಗೆ ಆತುರ. ಹೈಡ್ರೊಕ್ಲೋರಿಕ್ ಆಮ್ಲ ತಂದು ಬಕೆಟ್ಟಿಗೆ ಸುರಿದು, ಹಿಂಜುಗಳನ್ನು ಮುಳುಗಿಸಿ, ಶೆಡ್ಡಿನ ಬಾಗಿಲು ಹಾಕಿ ಮನೆಗೆ ಹೋದೆ. ಬೆಳಿಗ್ಗೆ ಹಿಂಜುಗಳೇನೋ ಬೆಳ್ಳಿಯಂತಿದ್ದವು. ಆದರೆ ಬಕೆಟ್ಟಿನಿಂದೆದ್ದ ಆಮ್ಲದ ಹಬೆ ರಾತ್ರಿಯೆಲ್ಲ ಶೆಡ್ಡು ಸುತ್ತಿತ್ತು. ಗೋಡೆಗೆ ತೂಗುಹಾಕಿದ್ದ ಪಾನಾ, ಕಟಿಂಗ್ ಪ್ಲೇಯರ್, ತೋಟದ ಕತ್ತಿಗಳೆಲ್ಲ ಕಂದು ಬಣ್ಣಕ್ಕೆ ತಿರುಗಿದ್ದವು. ಕೆಮಿಸ್ಟ್ರಿ ಮೇಷ್ಟ್ರು ಎಂಬ ಬಿರುದನ್ನು ಮನೆಯವರು ಅಂದಿನಿಂದ ಬೇರೆ ದನಿಯಲ್ಲಿ ಹೇಳುತ್ತಾರೆ.

ಆಮೇಲೆ ಹಿಡಿದದ್ದು ಸೌಮ್ಯವಾದ ದಾರಿ. ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ನೀರು, ಅದಕ್ಕೆ ವಾಷಿಂಗ್ ಸೋಡಾ. ತುಕ್ಕು ಹಿಡಿದ ಭಾಗವನ್ನು ಬ್ಯಾಟರಿ ಚಾರ್ಜರಿನ ಮೈನಸ್‌ಗೆ, ಕೆಲಸಕ್ಕೆ ಬಾರದ ಕಬ್ಬಿಣದ ತುಂಡನ್ನು ಪ್ಲಸ್‌ಗೆ ಕಟ್ಟಿ ಇಳಿಬಿಡುವುದು. ತುಕ್ಕು ಕಿತ್ತುಕೊಂಡ ಎಲೆಕ್ಟ್ರಾನುಗಳನ್ನು ನಾವೇ ತಿರುಗಿ ತುಂಬಿದಂತಾಯಿತು. ಒಳ್ಳೆಯ ಕಬ್ಬಿಣಕ್ಕೆ ಏನೂ ಆಗುವುದಿಲ್ಲ, ತುಕ್ಕು ಮಾತ್ರ ಸಡಿಲವಾಗಿ ಕಪ್ಪು ಕೆಸರಾಗುತ್ತದೆ, ಬ್ರಷ್ಷಿಗೆ ಬರುತ್ತದೆ. ಇದರಲ್ಲಿ ಏಳುವ ಗುಳ್ಳೆ ಹೈಡ್ರೊಜನ್, ಆದ್ದರಿಂದ ಬಯಲಲ್ಲೇ ಮಾಡಬೇಕು, ಹತ್ತಿರ ಬೀಡಿ ಸೇದಬಾರದು. ಪ್ಲಸ್‌ಗೆ ಸ್ಟೇನ್‌ಲೆಸ್ ಸ್ಟೀಲ್ ಕಟ್ಟಲೇಬಾರದು, ಅದರೊಳಗಿನ ಕ್ರೋಮಿಯಂ ವಿಷಕಾರಿ ರೂಪದಲ್ಲಿ ನೀರಿಗಿಳಿಯುತ್ತದೆ.

ಡ್ರಮ್ಮಿಗೆ ಹಿಡಿಸದ ಕಡೆ, ಕೈ ತಲುಪದ ಕಡೆ, ತುಕ್ಕನ್ನು ತೆಗೆಯುವ ಬದಲು ಪಳಗಿಸಬೇಕು. ಅಂಗಡಿಯಲ್ಲಿ ಸಿಗುವ ತುಕ್ಕು ಪರಿವರ್ತಕಗಳಲ್ಲಿ ಇರುವುದು ಹೆಚ್ಚಾಗಿ ಫಾಸ್ಫರಿಕ್ ಆಮ್ಲ ಅಥವಾ ಟ್ಯಾನಿನ್. ಟ್ಯಾನಿನ್ ಅಂದರೆ ಮಲೆನಾಡಿನವರಿಗೆ ಪರಿಚಯ ಹೇಳಬೇಕೆ, ಅಡಿಕೆ ಬೇಯಿಸಿದಾಗ ಉಳಿಯುವ ಚೊಗರಿನ ಒಗರೇ ಅದು. ಹಸಿ ಅಡಿಕೆ ಸುಲಿದ ಕತ್ತಿಯೂ ಕೈಯೂ ಕಪ್ಪಾಗುವುದು ಟ್ಯಾನಿನ್ ಕಬ್ಬಿಣವನ್ನು ಹಿಡಿದುಕೊಂಡಾಗ. ಹಿಂದೆ ಅಳಲೆಕಾಯಿ ಮತ್ತು ಕಬ್ಬಿಣ ಸೇರಿಸಿ ಶಾಯಿ ಮಾಡುತ್ತಿದ್ದದ್ದು ಇದೇ ತತ್ವದ ಮೇಲೆ. ಕುತೂಹಲಕ್ಕೆ ಒಂದು ತುಂಡು ತಗಡಿಗೆ ಚೊಗರು ಬಳಿದೆವು. ಕೆಂಪು ತುಕ್ಕು ಅರ್ಧ ದಿನದಲ್ಲಿ ನೀಲಿಗಪ್ಪಾಗಿ ಬಿಗಿಯಿತು. ಕಾರಿಗೆ ಮಾತ್ರ ಅಂಗಡಿಯದ್ದನ್ನೇ ಹಚ್ಚಿದೆವು, ಚೊಗರಿನಲ್ಲಿ ಟ್ಯಾನಿನ್ ಅಲ್ಲದೆ ಇನ್ನೂ ಏನೇನೋ ಇರುತ್ತದಲ್ಲ.

ತಗಡು ಹೊಸದಾಗಿ ಕೂಡಿಸಿದ್ದು ಹಾಸನದ ಹಿರಿಯ ಟಿಂಕರ್ ಮೇಸ್ತ್ರಿ. ಒಂದೇ ಉಸಿರಿಗೆ ಬೆಸುಗೆ ಎಳೆದರೆ ತೆಳು ತಗಡು ಕಾದು ಸೊಟ್ಟಗಾಗುತ್ತದೆ ಎಂದು, ಇಲ್ಲೊಂದು ಚುಕ್ಕೆ ಅಲ್ಲೊಂದು ಚುಕ್ಕೆ ಇಟ್ಟು ಆರಲು ಬಿಟ್ಟು ದಿನವಿಡೀ ಕೂತರು. ಬೆಸುಗೆಯ ಹಿಂಬದಿಗೆ ಬಣ್ಣ ತಲುಪುವುದಿಲ್ಲವಾದ್ದರಿಂದ ಆ ಟೊಳ್ಳುಗಳಿಗೆ ಕೊನೆಯಲ್ಲಿ ತೆಳುವಾದ ಮೇಣ ಸಿಂಪಡಿಸಿದೆವು. ಬೆಸೆದ ಸಂದುಗಳಿಗೆ ಸತುವಿನ ಪ್ರೈಮರ್ ಕೊಟ್ಟೆವು. ಕಬ್ಬಿಣಕ್ಕಿಂತ ಸತು ಎಲೆಕ್ಟ್ರಾನು ಬಿಟ್ಟುಕೊಡುವುದರಲ್ಲಿ ಧಾರಾಳಿ, ತಾನು ಕರಗಿ ಕಬ್ಬಿಣವನ್ನು ಉಳಿಸುತ್ತದೆ. ಚಾಕುವಿನ ಕಥೆಯಲ್ಲಿ ತಾಮ್ರದೆದುರು ಕಬ್ಬಿಣ ಇದ್ದ ಜಾಗದಲ್ಲಿ ಈಗ ಕಬ್ಬಿಣದೆದುರು ಸತು ನಿಂತಿದೆ.

ಎಂಜಿನ್ನಿನ ಬಗ್ಗೆ ಹೆಚ್ಚು ಹೇಳುವುದಿಲ್ಲ, ಅದು ಗಟ್ಟಿ ಪ್ರಾಣಿ. ಆದರೆ ಕಾರ್ಬ್ಯುರೇಟರ್ ಒಂದು ಸ್ವಾರಸ್ಯದ ಲೆಕ್ಕ ಕೊಟ್ಟಿತು. ನಾವಿರುವುದು ಸಮುದ್ರಮಟ್ಟದಿಂದ ಸುಮಾರು ಸಾವಿರ ಮೀಟರ್ ಎತ್ತರದಲ್ಲಿ, ಇಲ್ಲಿ ಗಾಳಿ ಶೇ. 10ರಷ್ಟು ತೆಳು. ಕಾರ್ಬ್ಯುರೇಟರಿಗೆ ಇದು ತಿಳಿಯುವುದಿಲ್ಲ, ಗಾಳಿ ಕಡಿಮೆಯಾದಷ್ಟು ಪೆಟ್ರೋಲನ್ನು ಅದು ಕಡಿಮೆ ಮಾಡುವುದಿಲ್ಲ. ಮಿಶ್ರಣ ಸುಮಾರು ಶೇ. 5ರಷ್ಟು ಗಟ್ಟಿಯಾಗುತ್ತದೆ, ಅಂದರೆ ಗಾಳಿಯ ಲೆಕ್ಕಕ್ಕೆ ಪೆಟ್ರೋಲು ಹೆಚ್ಚು. ಇತ್ತ ಇಂದಿನ ಪೆಟ್ರೋಲಿನಲ್ಲಿ ಶೇ. 20 ಎಥನಾಲ್, ಕಬ್ಬಿನಂಥ ಬೆಳೆಯಿಂದ ತೆಗೆದ ಮದ್ಯಸಾರ. ಎಥನಾಲಿನ ಅಣುವಿನಲ್ಲಿ ಆಗಲೇ ಆಮ್ಲಜನಕ ಇರುವುದರಿಂದ ಉರಿಯಲು ಅದಕ್ಕೆ ಕಡಿಮೆ ಗಾಳಿ ಸಾಕು. ಕಾರ್ಬ್ಯುರೇಟರಿನಲ್ಲಿ ಪೆಟ್ರೋಲು ಹಾಯುವ ಸಣ್ಣ ತೂತಾದ ಹಳೆಯ ಜೆಟ್ಟಿನಲ್ಲಿ ಇದನ್ನು ಹರಿಸಿದರೆ ಮಿಶ್ರಣ ಶೇ. 8ರಷ್ಟು ತೆಳುವಾಗುತ್ತದೆ. ಬೆಟ್ಟ ಒಂದು ಕಡೆ ಎಳೆದರೆ ಕಬ್ಬು ಇನ್ನೊಂದು ಕಡೆ! ಹೊಂದಾಣಿಕೆಯ ನಟ್ಟನ್ನು ನಾವು ತಿರುಗಿಸಬೇಕಾದದ್ದು ಸ್ವಲ್ಪವೇ. ಎಥನಾಲಿನ ನಿಜವಾದ ಕಾಟ ಬೇರೆ. ಹಳೆಯ ರಬ್ಬರ್ ಪೈಪುಗಳನ್ನು ಅದು ಮೆತ್ತಗಾಗಿಸುತ್ತದೆ, ಗಾಳಿಯ ತೇವವನ್ನು ಹೀರುತ್ತದೆ. ಹೀರಿದ್ದು ಮಿತಿ ಮೀರಿದರೆ ನೀರೂ ಎಥನಾಲೂ ಜೊತೆಯಾಗಿ ಬೇರ್ಪಟ್ಟು ಉಕ್ಕಿನ ಟ್ಯಾಂಕಿನ ತಳಕ್ಕೆ ಇಳಿಯುತ್ತವೆ. ಪೈಪುಗಳನ್ನೆಲ್ಲ ಬದಲಿಸಿದೆವು. ಮಳೆಗಾಲದಲ್ಲಿ ಟ್ಯಾಂಕನ್ನು ಅರೆಬರೆ ಬಿಡುವುದಿಲ್ಲ, ಖಾಲಿ ಜಾಗದಲ್ಲಿ ತೇವದ ಗಾಳಿ ಕೂರುತ್ತದೆ.

ಕಾರು ಹೊರಟ ದಿನ ಗೆಳೆಯನ ತಾಯಿ ಧರ್ಮಸ್ಥಳಕ್ಕೇ ಮೊದಲು ಹೋಗಬೇಕೆಂದರು. ಅಂದರೆ ಚಾರ್ಮಾಡಿ ಘಾಟಿ ಇಳಿಯಬೇಕು. ನಾನು ಬ್ರೇಕ್ ಆಯಿಲ್ ಬದಲಿಸದೆ ಬಿಡುವುದಿಲ್ಲವೆಂದು ಹಠ ಹಿಡಿದೆ. ನಿನ್ನೆ ನೋಡಿದೆ, ಡಬ್ಬಿ ತುಂಬಿದೆ ಎಂದ ಗೆಳೆಯ. ತುಂಬಿದ್ದರೆ ಸಾಲದು. ಬ್ರೇಕ್ ಆಯಿಲ್ಲಿಗೂ ನೀರು ಹೀರುವ ಚಟವಿದೆ. ಡಾಟ್ 3 ದರ್ಜೆಯದ್ದು ಹೊಸದಿದ್ದಾಗ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬುದು ನಿಯಮ. ಶೇ. 4ಕ್ಕಿಂತ ಕಡಿಮೆ ನೀರು ಸೇರಿದರೂ ಆ ಮಿತಿ 140ಕ್ಕೆ ಇಳಿಯುತ್ತದೆ. ಜನ ಸೇರಿ ಕಾರಿನ ತೂಕ 1250 ಕೆ.ಜಿ., ಇಳಿಯುವುದು 700 ಮೀಟರ್ ಅಂತಿಟ್ಟುಕೊಳ್ಳಿ. ಎಲ್ಲವನ್ನೂ ಬ್ರೇಕಿನಲ್ಲೇ ಹಿಡಿದರೆ 25 ಲೀಟರಿಗೂ ಹೆಚ್ಚು ನೀರನ್ನು ಕುದಿ ಬರಿಸುವಷ್ಟು ಶಾಖ ಆ ಡಿಸ್ಕು, ಡ್ರಮ್ಮುಗಳಿಗೆ ಹೋಗುತ್ತದೆ. ಆಯಿಲ್ ಕುದಿದು ಗುಳ್ಳೆ ಎದ್ದರೆ, ಪೆಡಲ್ ಒತ್ತಿದಾಗ ಒತ್ತಿಕೊಳ್ಳುವುದು ಗುಳ್ಳೆ, ಬ್ರೇಕ್ ಅಲ್ಲ.

ಆಯಿಲ್ ಬದಲಿಸಿದೆವು. ಹಳೆಯದು ಕಾಫಿ ಡಿಕಾಕ್ಷನ್ನಿನ ಬಣ್ಣದಲ್ಲಿತ್ತು. ಕೊಟ್ಟಿಗೆಹಾರ ದಾಟಿದ ಮೇಲೆ ಅಮ್ಮ ಕಣ್ಣು ಮುಚ್ಚಿ ಮಂಜುನಾಥನನ್ನು ನೆನೆದರು, ಗೆಳೆಯ ಎರಡನೇ ಗೇರಿನಲ್ಲೇ ಇಳಿಸಿದ.

ಈಗ ಕಾರು ನಾಲ್ಕೂ ಕಡೆ ಗಾಳಿಯಾಡುವ ಶೆಡ್ಡಿನಲ್ಲಿದೆ, ಬಿಸಿಲು ಬಿದ್ದ ಭಾನುವಾರ ಹೊರಗೆ ಬರುತ್ತದೆ. ಕಳೆದ ಮಳೆಗಾಲದ ಮುನ್ನ ನೋಡಲು ಹೋದಾಗ ಬಾಗಿಲ ಕೆಳಗೆ ಬೆರಳಾಡಿಸಿದೆ. ಗಾಜಿನ ಸಂದಿನಿಂದ ಒಳಗಿಳಿದ ನೀರು ಹೊರಹೋಗಲೆಂದು ಕಾರು ಮಾಡಿದವರೇ ಅಲ್ಲಿ ಬಿಟ್ಟ ಸಣ್ಣ ತೂತುಗಳಿವೆ. ಎರಡನೆಯದು ಕಟ್ಟಿಕೊಂಡಿತ್ತು. ಹಿಡಿಕಡ್ಡಿ ತೂರಿಸಿ ತಿರುವಿದೆ. ಮುದುಡಿದ ಸಿಲ್ವರ್ ಓಕ್ ಎಲೆಯೊಂದು ಹೊರಬಂತು, ಅದರ ಹಿಂದೆಯೇ ಅರ್ಧ ಲೋಟ ನೀರು.