ಇಂಟರ್‌ವ್ಯೂ ಆಗಿ ಮೂರು ವಾರವಾಯ್ತು, ಎಚ್‌ಆರ್ ಮಾತೇ ಆಡ್ತಿಲ್ಲ. ನಾನೇ ಕೇಳಬಹುದಾ?

ಪ್ರಶ್ನೆ: ಮೂರನೇ ರೌಂಡ್ ಚೆನ್ನಾಗಿಯೇ ಆಯಿತು. ‘ಎರಡು ದಿನದಲ್ಲಿ ತಿಳಿಸ್ತೀವಿ’ ಅಂದಿದ್ದರು. ಆಮೇಲೆ ಫೋನೂ ಇಲ್ಲ, ಇಮೇಲೂ ಇಲ್ಲ. ನಾನಾಗಿ ಕೇಳಿದರೆ ಕೆಲಸಕ್ಕೆ ಗತಿಯಿಲ್ಲದವನು ಅಂದುಕೊಂಡು ಕೈಬಿಡ್ತಾರಾ?

ಉತ್ತರ: ಇಲ್ಲ. ಇವತ್ತೇ ಕೇಳಿ. ಎಷ್ಟು ಸಲ ಉತ್ತರಿಸಿದರೂ ‘ಕೇಳಿದರೆ ಕೆಟ್ಟೆ’ ಎನ್ನುವ ನಂಬಿಕೆ ಜಾಗ ಬಿಟ್ಟು ಕದಲುತ್ತಿಲ್ಲ. ಈ ಸಲ ಅದನ್ನು ಬುಡದಿಂದಲೇ ನೋಡೋಣ.

ಇಂಟರ್‌ವ್ಯೂ ಮಾಡಿದವರು ತಮ್ಮ ಅಭಿಪ್ರಾಯವನ್ನು ಕಂಪನಿಯ ಸಾಫ್ಟ್‌ವೇರ್‌ನಲ್ಲಿ ತುಂಬುತ್ತಾರೆ: ಕೆಲಸದ ಜ್ಞಾನ, ಅನುಭವ, ಮಾತುಕತೆ, ಕೊನೆಗೆ ಬೇಕೋ ಬೇಡವೋ. ತೀರ್ಮಾನ ನಿಲ್ಲುವುದು ಅದರ ಮೇಲೆ. ನೀವು ಒಂದು ಇಮೇಲ್ ಕಳಿಸಿದಿರಿ ಎಂದು ‘ಬೇಕು’ ಎಂಬುದು ‘ಬೇಡ’ ಆಗುವುದಿಲ್ಲ. ಸಂಬಳ ಇಳಿಸುತ್ತಾರೆ ಎನ್ನುವುದೂ ಇದೇ ನಂಬಿಕೆಯ ಇನ್ನೊಂದು ಕೊಂಬೆ. ಸಂಬಳ ನಿರ್ಧಾರವಾಗುವುದು ಹುದ್ದೆಯ ಬಜೆಟ್, ನಿಮ್ಮ ಈಗಿನ ಸಂಬಳ, ಕೈಯಲ್ಲಿರುವ ಬೇರೆ ಆಫರ್‌ಗಳಿಂದ. ಬೆಂಗಳೂರಿನ ಐಟಿ ಕಂಪನಿಗಳಲ್ಲಂತೂ ಭಯ ಇರುವುದು ಆ ಕಡೆಗೇ: ಆಫರ್ ಒಪ್ಪಿಕೊಂಡವರು 90 ದಿನದ ನೋಟಿಸ್ ಮುಗಿಸುವಷ್ಟರಲ್ಲಿ ಬೇರೆಡೆ ಹೋಗಿಬಿಡುತ್ತಾರೆ. ಆಸಕ್ತಿ ತೋರಿಸಿದವರನ್ನು ಅವರು ಯಾಕೆ ದೂರ ತಳ್ಳುತ್ತಾರೆ?

ಕೆಡಿಸುವುದು ಬೇರೆ. ದಿನಕ್ಕೆ ನಾಲ್ಕು ಫೋನ್, ರಾತ್ರಿ ಹತ್ತಕ್ಕೆ ವಾಟ್ಸಾಪ್, ಇಂಟರ್‌ವ್ಯೂ ಮಾಡಿದವರಿಗೆ ಲಿಂಕ್ಡ್‌ಇನ್‌ನಲ್ಲಿ ಒತ್ತಾಯ. ಇವುಗಳಿಗೂ ಒಂದು ಮರ್ಯಾದೆಯ ಇಮೇಲಿಗೂ ಸಂಬಂಧವಿಲ್ಲ.

ಮೌನವೆಂದರೆ ರಿಜೆಕ್ಟ್ ಎಂದೂ ಅಲ್ಲ. ಹೆಚ್ಚಾಗಿ, ಮೊದಲ ಸ್ಥಾನದವರಿಗೆ ಆಫರ್ ಹೋಗಿರುತ್ತದೆ; ಅವರು ಕೈಕೊಟ್ಟರೆ ಇರಲಿ ಎಂದು ಎರಡನೆಯವರಿಗೆ ಹೂಂ ಅನ್ನುವುದಿಲ್ಲ, ಊಹೂಂ ಅಂತಲೂ ಅನ್ನುವುದಿಲ್ಲ. ಕೆಲವೊಮ್ಮೆ ಹುದ್ದೆಯ ಮಂಜೂರಾತಿಯೇ ನಿಂತಿರುತ್ತದೆ. ಒಬ್ಬ ಮ್ಯಾನೇಜರ್ ಅಭಿಪ್ರಾಯ ತುಂಬದೆ ರಜೆಗೆ ಹೋದರೂ ಕಡತ ಮುಂದೆ ಸರಿಯುವುದಿಲ್ಲ. ಆಗ ನಿಮ್ಮ ಇಮೇಲೇ ಎಚ್‌ಆರ್ ಅವರನ್ನು ಎಬ್ಬಿಸುತ್ತದೆ. ಕಾರಣ ಏನೇ ಇರಲಿ, ರಜೆ ಹಾಕಿ ಬಂದು ಮೂರು ರೌಂಡ್ ಕೂತವರಿಗೆ ಒಂದು ಸಾಲು ಬರೆಯದಿರುವುದು ತಪ್ಪೇ. ಕೆನಡಾದ ಒಂಟಾರಿಯೊದಲ್ಲಿ 2026ರ ಜನವರಿ 1ರಿಂದ ಇದು ಕಾನೂನಾಗಿದೆ: 25ಕ್ಕೆ ಕಡಿಮೆಯಿಲ್ಲದಷ್ಟು ನೌಕರರಿರುವ ಸಂಸ್ಥೆ, ಬಹಿರಂಗವಾಗಿ ಪ್ರಕಟಿಸಿದ ಹುದ್ದೆಗೆ ಇಂಟರ್‌ವ್ಯೂ ಮಾಡಿದರೆ, ತೀರ್ಮಾನವಾಯಿತೋ ಇಲ್ಲವೋ ಎಂದು 45 ದಿನದೊಳಗೆ ತಿಳಿಸಬೇಕು. ನಮ್ಮ ಖಾಸಗಿ ಕಂಪನಿಗಳಿಗೆ ಅಂಥ ಕಟ್ಟುಪಾಡಿಲ್ಲ. ಕೇಳುವ ಕೆಲಸ ನಿಮ್ಮದೇ.

ಕೇಳುವ ಬಗೆ: ಅವರು ಹೇಳಿದ ದಿನ ದಾಟಿ ಎರಡು ಕೆಲಸದ ದಿನ ಬಿಡಿ, ದಿನ ಹೇಳಿಲ್ಲವಾದರೆ ಒಂದು ವಾರ. ಹೊಸ ಇಮೇಲ್ ಬೇಡ, ಇಂಟರ್‌ವ್ಯೂಗೆ ಕರೆದ ಇಮೇಲಿಗೇ ಉತ್ತರಿಸಿ. ‘ಎನಿ ಅಪ್‌ಡೇಟ್?’ ಎಂದಷ್ಟೇ ಬರೆದರೆ, ಇಪ್ಪತ್ತು ಹುದ್ದೆ ನೋಡಿಕೊಳ್ಳುವವರಿಗೆ ನೀವು ಯಾರೆಂದೇ ಹೊಳೆಯುವುದಿಲ್ಲ. ಹುದ್ದೆಯ ಹೆಸರು, ಜಾಬ್ ಐಡಿ, ಇಂಟರ್‌ವ್ಯೂ ಆದ ದಿನಾಂಕ, ಆಮೇಲೆ ಒಂದೇ ಪ್ರಶ್ನೆ: ‘ತೀರ್ಮಾನ ಯಾವಾಗ ತಿಳಿಯಬಹುದು?’ ಬೇರೆ ಆಫರ್ ನಿಜವಾಗಿ ಇದ್ದರೆ ಅದರ ಗಡುವನ್ನೂ ಬರೆಯಿರಿ. ಉತ್ತರವಿಲ್ಲದಿದ್ದರೆ ಒಂದು ವಾರದ ಮೇಲೆ ಇನ್ನೊಮ್ಮೆ ಬರೆದು, ಒಂದು ಸಲ ಫೋನ್ ಮಾಡಿ. ಅಲ್ಲಿಗೆ ಬಿಟ್ಟು ಮುಂದಿನ ಅರ್ಜಿ ಹಾಕಿ. ಕನ್ಸಲ್ಟೆನ್ಸಿ (ಕಂಪನಿಗಳಿಗೆ ಜನ ಹುಡುಕಿಕೊಡುವ ಏಜೆನ್ಸಿ) ಮೂಲಕ ಹೋಗಿದ್ದರೆ ಮೊದಲು ಅವರನ್ನೇ ಕೇಳಿ. ಸಾಮಾನ್ಯವಾಗಿ ನೀವು ಸೇರಿದ ಮೇಲೆಯೇ ಅವರಿಗೆ ಕಮಿಷನ್, ಹಾಗಾಗಿ ಆಸೆ ಇರುವವರೆಗೆ ಅವರು ಕಂಪನಿಯ ಬೆನ್ನು ಬಿಡುವುದಿಲ್ಲ.

ನೀವು ಕೇಳಿಲ್ಲ, ಆದರೂ ಹೇಳಲೇಬೇಕಾದದ್ದು ಒಂದಿದೆ. ‘ಸೆಲೆಕ್ಟ್ ಆಗಿದೀರಿ, ಲೆಟರ್ ಬರತ್ತೆ’ ಎಂಬ ಫೋನ್ ಬಂದ ಸಂಜೆಯೇ ಈಗಿನ ಕೆಲಸಕ್ಕೆ ಪೇಪರ್ ಹಾಕಬೇಡಿ (ರಾಜೀನಾಮೆ ಕೊಡಬೇಡಿ). ಆ ಫೋನಿಗೂ ಲೆಟರಿಗೂ ನಡುವೆ ಹುದ್ದೆ ರದ್ದಾಗುವುದುಂಟು; ಬಾಯಿಮಾತನ್ನು ಆಮೇಲೆ ಸಾಬೀತು ಮಾಡುವುದು ಕಷ್ಟ. ಹುದ್ದೆ, ಸಂಬಳದ ವಿವರ, ಸೇರುವ ದಿನಾಂಕ ಮೂರೂ ಇರುವ ಆಫರ್ ಲೆಟರ್ ಕಂಪನಿಯ ಇಮೇಲಿನಿಂದಲೇ ಬರಲಿ. ಸಂಬಳದಲ್ಲಿ ಖಾತ್ರಿ ಮೊತ್ತವೆಷ್ಟು, ವೇರಿಯಬಲ್ (ಕೆಲಸದ ಸಾಧನೆ ನೋಡಿ ಕೊಡುವ, ಖಾತ್ರಿಯಿಲ್ಲದ ಭಾಗ) ಎಷ್ಟು ಎಂದು ಬೇರೆ ಬೇರೆಯಾಗಿ ನೋಡಿ, ಒಪ್ಪಿಗೆ ಕಳಿಸಿ, ಆಮೇಲೆ ರಾಜೀನಾಮೆ ಕೊಡಿ.