ಆರ್ಥಿಕ ಹಿಂಜರಿತದ ಕಾಲದಲ್ಲಿ ಪಶು ಕ್ಲಿನಿಕ್‌ನ ಮಾರ್ಕೆಟಿಂಗ್: ಅಧ್ಯಯನ ಟಿಪ್ಪಣಿ

ಜನರ ಕೈಯಲ್ಲಿ ದುಡ್ಡು ಓಡಾಡದಿದ್ದಾಗ ಪಶು ಕ್ಲಿನಿಕ್ ಏನು ಮಾಡಬೇಕು ಎಂದು ಕೇಳಿದರೆ, ಬೇಗ ಹೊಳೆಯುವ ಉತ್ತರ ಎರಡು: ಡಿಸ್ಕೌಂಟ್ ಕೊಡಬೇಕು, ಜಾಹೀರಾತು ಜಾಸ್ತಿ ಮಾಡಬೇಕು. ನನ್ನ ಪ್ರಕಾರ ಎರಡೂ ಕೊನೆಗೆ ಬರಬೇಕಾದವು. ಮೊದಲು ಗಮನ ಕೊಡಬೇಕಾದವರು ಈಗಾಗಲೇ ಕ್ಲಿನಿಕ್‌ನ ದಾಖಲೆಯಲ್ಲಿದ್ದು, ಬರುವುದನ್ನು ಮುಂದಕ್ಕೆ ಹಾಕುತ್ತಿರುವ ಮಾಲೀಕರು. (ಇಲ್ಲಿ ಹೇಳುತ್ತಿರುವುದು ಸಾಕು ನಾಯಿ, ಬೆಕ್ಕುಗಳ ಬಗ್ಗೆ. ದನಕರುಗಳ ಲೆಕ್ಕ ಬೇರೆ. ಅಲ್ಲಿ ಚಿಕಿತ್ಸೆಯ ಖರ್ಚನ್ನು ಪ್ರಾಣಿಯ ಆದಾಯದ ಜೊತೆ ತೂಗಿ ನೋಡುತ್ತಾರೆ.)

ಯಾವ ಕೆಲಸ ಕಡಿಮೆಯಾಗುತ್ತದೆ?

ಎಲ್ಲವೂ ಒಂದೇ ಸಮ ಇಳಿಯುವುದಿಲ್ಲ. ನಾಯಿ ಕಾಲು ಮುರಿದುಕೊಂಡರೆ, ಗಂಡು ಬೆಕ್ಕಿಗೆ ಮೂತ್ರ ಕಟ್ಟಿದರೆ ಮಾಲೀಕರು ಹೇಗಾದರೂ ಮಾಡಿ ಬರಲು ನೋಡುತ್ತಾರೆ. ತಪ್ಪಿಹೋಗುವುದು ವರ್ಷದ ಚೆಕಪ್, ಹಲ್ಲು ಕ್ಲೀನಿಂಗ್, ವಯಸ್ಸಾದ ಪ್ರಾಣಿಯ ರಕ್ತ ಪರೀಕ್ಷೆ. "ಮುಂದಿನ ತಿಂಗಳು ನೋಡೋಣ" ಎನ್ನಬಹುದಾದದ್ದೆಲ್ಲ.

ಅಮೆರಿಕದಲ್ಲಿ 2007ರ ಡಿಸೆಂಬರ್‌ನಿಂದ 2009ರ ಜೂನ್‌ವರೆಗೆ ದೊಡ್ಡ ಹಿಂಜರಿತವಿತ್ತು. ಆಮೇಲೆ 2011ರಲ್ಲಿ ಅಲ್ಲಿ ಬೇಯರ್ ಎಂಬ ಔಷಧಿ ಕಂಪನಿಯ ಒಂದು ಅಧ್ಯಯನ ಹೊರಬಂತು. ಪಶುವೈದ್ಯರ ಬಳಿ ಬರುವವರು ಕಡಿಮೆಯಾಗಲು ಅದು ಆರು ಕಾರಣ ಗುರುತಿಸಿತು. ಹಿಂಜರಿತ ಅದರಲ್ಲಿ ಒಂದು ಮಾತ್ರ. ಉಳಿದವು: ಸೇವೆ ಹಲವು ಕಡೆ ಹಂಚಿಹೋದದ್ದು, ವೈದ್ಯರ ಬದಲು ಇಂಟರ್ನೆಟ್ ನೋಡುವುದು, ಬೆಕ್ಕನ್ನು ಕರೆತರುವ ಕಷ್ಟ, ಆರಾಮಾಗಿರುವ ಪ್ರಾಣಿಗೆ ಚೆಕಪ್ ಯಾಕೆ ಎಂಬ ಭಾವನೆ, ಮತ್ತು ಖರ್ಚು. ಇವುಗಳಲ್ಲಿ ಹೆಚ್ಚಿನವು ಆರ್ಥಿಕತೆ ಸುಧಾರಿಸಿದರೂ ಹೋಗುವುದಿಲ್ಲ, ಅಲ್ವಾ? ಹಾಗಾಗಿ ಸುಮ್ನೆ ಒಳ್ಳೆಯ ದಿನಕ್ಕೆ ಕಾಯುವುದರಲ್ಲಿ ಅರ್ಥವಿಲ್ಲ.

ಡಿಸ್ಕೌಂಟ್‌ನ ಲೆಕ್ಕ

100ರ ಬಿಲ್ ತೆಗೆದುಕೊಳ್ಳಿ. ಔಷಧಿ, ಸಿರಿಂಜ್, ಲ್ಯಾಬ್ ಅಂತ ನೇರ ಖರ್ಚು 60 ಆದರೆ ಉಳಿಯುವುದು 40. ಬಾಡಿಗೆ, ಸಂಬಳ ಎಲ್ಲ ಇದರಲ್ಲೇ ಆಗಬೇಕು. 10 ಶೇಕಡಾ ರಿಯಾಯಿತಿ ಕೊಟ್ಟರೆ ಉಳಿಯುವುದು 30. ಹಿಂದಿನಷ್ಟೇ ಉಳಿಸಬೇಕಾದರೆ 100 ಬಿಲ್‌ಗಳ ಜಾಗದಲ್ಲಿ ಸುಮಾರು 133 ಬಿಲ್ ಆಗಬೇಕು. ಬರೀ ಕನ್ಸಲ್ಟೇಶನ್‌ನಲ್ಲಿ ನೇರ ಖರ್ಚು ಕಡಿಮೆ, ಹಾಗಾಗಿ ಹೊಡೆತವೂ ಸಣ್ಣದು. ಔಷಧಿ ಮಾರಾಟದಲ್ಲಿ ಹೊಡೆತ ಜೋರು.

ಇನ್ನೊಂದು ವಿಷಯ. ಆಪರೇಷನ್ ಫೀಸು ಇಳಿಸಿದ ಮಾತ್ರಕ್ಕೆ ಜಾಸ್ತಿ ನಾಯಿಗಳು ಕಾಲು ಮುರಿದುಕೊಳ್ಳುವುದಿಲ್ಲ! ಕೊಡಲೇಬೇಕೆಂದರೆ ಮುಂದೂಡಬಹುದಾದ ಸೇವೆಗೆ, ಕ್ಲಿನಿಕ್ ಖಾಲಿ ಇರುವ ಹೊತ್ತಿಗೆ ಮಾತ್ರ ಕೊಡಿ.

ಏನು ಕಾಯಬಹುದು, ಏನು ಕಾಯಬಾರದು

ಇಡೀ ವಿಷಯದ ತಿರುಳು ಇಲ್ಲಿದೆ. ದುಡ್ಡಿನ ಚಿಂತೆಯಲ್ಲಿರುವ ಮಾಲೀಕರಿಗೆ ಎಲ್ಲವನ್ನೂ "ಅಗತ್ಯ" ಎಂದು ಹೇಳಿದರೆ ಯಾವುದನ್ನೂ ನಂಬುವುದಿಲ್ಲ. ನಾಯಿಮರಿಯ ಪಾರ್ವೋ (ಜೀವಕ್ಕೇ ಅಪಾಯ ತರಬಲ್ಲ ವೈರಸ್ ಕಾಯಿಲೆ) ಲಸಿಕೆಯ ಸರಣಿ 16 ವಾರ ತುಂಬುವವರೆಗೆ ನಡೆಯಬೇಕು, ನಡುವೆ ಬಿಡುವಂತಿಲ್ಲ. ರೇಬೀಸ್ ಲಸಿಕೆಯನ್ನೂ ತಪ್ಪಿಸುವಂತಿಲ್ಲ. ಆದರೆ ನೋವು, ಸೋಂಕು ಇಲ್ಲದ ಸ್ವಲ್ಪ ಪಾಚಿಗಟ್ಟಿದ ಹಲ್ಲು ಕೆಲವು ತಿಂಗಳು ಕಾಯಬಹುದು. "ಇದು ಕಾಯಬಹುದು" ಎಂದು ವೈದ್ಯರೇ ಹೇಳಿದಾಗ, "ಇದು ಕಾಯಬಾರದು" ಎಂಬ ಮಾತಿಗೂ ತೂಕ ಬರುತ್ತದೆ. ಯಾವ ಜಾಹೀರಾತೂ ಈ ನಂಬಿಕೆ ತಂದುಕೊಡದು.

ಚೆಕಪ್‌ನ ನೆನಪೋಲೆಯನ್ನೂ ಬದಲಿಸಬೇಕು. ಡಿಸ್ಟೆಂಪರ್ (ಇದೂ ನಾಯಿಗಳ ವೈರಸ್ ಕಾಯಿಲೆ), ಪಾರ್ವೋದಂಥ ಮುಖ್ಯ ಲಸಿಕೆಗಳನ್ನು ಬೆಳೆದ ನಾಯಿಗಳಿಗೆ ಮೂರು ವರ್ಷಕ್ಕಿಂತ ಮೊದಲು ಮತ್ತೆ ಹಾಕುವ ಅಗತ್ಯ ಸಾಮಾನ್ಯವಾಗಿ ಇಲ್ಲ ಎನ್ನುತ್ತವೆ ವಿಶ್ವ ಸಾಕುಪ್ರಾಣಿ ವೈದ್ಯರ ಸಂಘದ ಮಾರ್ಗಸೂಚಿಗಳು. ಹಾಗಾದರೆ "ಲಸಿಕೆಗೆ ಬನ್ನಿ" ಎನ್ನುವ ಒಂದೇ ಮೆಸೇಜ್ ಪ್ರತಿ ವರ್ಷ ನಡೆಯುವುದಿಲ್ಲ. ಕಾರಣ ಹೇಳಿ. ಉದಾಹರಣೆಗೆ, ಮೂತ್ರಪಿಂಡದ ಕೆಲಸ ಸುಮಾರು ಮುಕ್ಕಾಲು ಭಾಗ ಕುಸಿಯುವವರೆಗೂ ಬೆಕ್ಕಿನ ರಕ್ತದಲ್ಲಿ ಕ್ರಿಯಾಟಿನಿನ್ (ಮೂತ್ರಪಿಂಡ ಹೊರಹಾಕಬೇಕಾದ ತ್ಯಾಜ್ಯ) ಸಾಮಾನ್ಯ ಮಿತಿಯೊಳಗೇ ಇರಬಹುದು. ಅದಕ್ಕೇ ಹೋದ ವರ್ಷದ ತೂಕ, ಹೋದ ವರ್ಷದ ರಿಪೋರ್ಟ್ ಪಕ್ಕದಲ್ಲಿಟ್ಟು ನೋಡಬೇಕು. ಇಷ್ಟು ಎರಡು ವಾಕ್ಯದಲ್ಲಿ ಬರೆದರೆ ಮಾಲೀಕರಿಗೆ ಬರಲು ಒಂದು ಕಾರಣ ಸಿಗುತ್ತದೆ.

ಬಿಲ್ ಬಗ್ಗೆ ಮಾತು

ಅಂದಾಜು ಖರ್ಚನ್ನು ಮೊದಲೇ ಬರೆದು ಕೊಡುವುದು ಒಳ್ಳೆಯದು. ಸಾಧ್ಯವಿದ್ದಲ್ಲಿ ಒಂದಕ್ಕಿಂತ ಹೆಚ್ಚು ದಾರಿ ತೋರಿಸಿ: ಎಲ್ಲ ಪರೀಕ್ಷೆ ಮಾಡಿಸಿ ಮುಂದುವರಿಯುವುದು, ಅಥವಾ ಹೆಚ್ಚು ಸಂಭವವಿರುವ ಕಾಯಿಲೆಗೆ ಚಿಕಿತ್ಸೆ ಶುರುಮಾಡಿ ಕೆಲವು ದಿನ ಬಿಟ್ಟು ನೋಡುವುದು. ಎರಡನೆಯದನ್ನು ಆರಿಸಿದವರಿಗೆ ತಾವು ಕಡಿಮೆ ಪ್ರೀತಿಯವರು ಎಂಬ ಭಾವನೆ ಬರಬಾರದು. ಬಂದರೆ ಅವರು ಮತ್ತೆ ಬರುವುದಿಲ್ಲ. ದುಡ್ಡಿಲ್ಲವೆಂದು ದಯಾಮರಣಕ್ಕೆ ಒಪ್ಪುವ ಸಂದರ್ಭಗಳು ಈ ಕಾಲದಲ್ಲಿ ಹೆಚ್ಚಾಗುವ ಭಯವಿರುತ್ತದೆ. ನಡುವಿನ ದಾರಿ ಇದ್ದರೆ ಅವುಗಳಲ್ಲಿ ಕೆಲವು ತಪ್ಪುತ್ತವೆ.

ತಿಂಗಳ ಕಂತಿನ ಆರೋಗ್ಯ ಯೋಜನೆಗಳೂ ಇವೆ. ಚೆಕಪ್, ಲಸಿಕೆ, ಜಂತುಹುಳು ಔಷಧಿ ಸೇರಿಸಿ ವರ್ಷದ ಖರ್ಚನ್ನು ಹನ್ನೆರಡು ಭಾಗ ಮಾಡುವುದು. ಇದು ವಿಮೆ ಅಲ್ಲ ಎಂದು ಸ್ಪಷ್ಟವಾಗಿ ಹೇಳಬೇಕು. ಸೇವೆ ಪಡೆದು ನಡುವೆ ಬಿಟ್ಟರೆ ಬಾಕಿ ಹೇಗೆ ಎಂಬುದೂ ಮೊದಲೇ ಬರಹದಲ್ಲಿರಬೇಕು.

ಸಣ್ಣ ಕೆಲಸಗಳು, ಅಳತೆ

ಹೊರಡುವ ಮೊದಲೇ ಮುಂದಿನ ಅಪಾಯಿಂಟ್‌ಮೆಂಟ್ ಬರೆದುಕೊಳ್ಳಿ. ಬೆಕ್ಕಿನ ಬುಟ್ಟಿಯನ್ನು ಮನೆಯಲ್ಲಿ ಸದಾ ತೆರೆದಿಡಲು ಹೇಳಿಕೊಡಿ, ಆಗ ಬೆಕ್ಕು ಅದಕ್ಕೆ ಹೆದರುವುದು ಕಡಿಮೆಯಾಗುತ್ತದೆ. ಫೋನ್ ಎತ್ತುವವರಿಗೆ ಬರೀ ಫೀಸು ಹೇಳುವುದನ್ನಲ್ಲ, ಪ್ರಾಣಿಯ ತೊಂದರೆ ಏನೆಂದು ವಿಚಾರಿಸುವುದನ್ನು ಕಲಿಸಿ.

ಅಳೆಯುವಾಗ ಲೈಕ್‌ಗಳನ್ನು ಎಣಿಸಬೇಡಿ. ಚೆಕಪ್ ಅಥವಾ ಲಸಿಕೆಯ ದಿನ ಮೀರಿದವರಲ್ಲಿ ಎಷ್ಟು ಜನಕ್ಕೆ ನೆನಪಿಸಿದಿರಿ, ಅವರಲ್ಲಿ ಎಷ್ಟು ಜನ ಬಂದರು ಎಂಬ ಎರಡು ಸಂಖ್ಯೆ ಪ್ರತಿ ತಿಂಗಳು ಬರೆದಿಡಿ. ಹೊಸ ಗ್ರಾಹಕರಿಗಾಗಿ ಜಾಹೀರಾತು ಕೊಡಬೇಕೋ ಬೇಡವೋ ಎಂಬುದನ್ನು ಈ ಸಂಖ್ಯೆಗಳನ್ನು ನೋಡಿದ ಮೇಲೆ ನಿರ್ಧರಿಸಿದರೆ ಸಾಕು.